ಗುಂಯ್‌ಗುಡುವ ಕಾರಿಗೆ ಬಾಯಿ ಮುಚ್ಚಿದ ಕೊಳವೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಿಂದ ಲಾಸ್ ಏಂಜಲಿಸ್‌ಗೆ ಸುಮಾರು 550 ಕಿಲೋಮೀಟರ್. ಹೆಚ್ಚಿನ ದಾರಿ ಐ-5 ಹೆದ್ದಾರಿ. ನೇರ, ಚಪ್ಪಟೆ, ಅಕ್ಕಪಕ್ಕ ಬಾದಾಮಿ ತೋಟಗಳು. ಗೆಳೆಯ ತನ್ನ ಎರಡು ಲೀಟರ್ ಎಂಜಿನ್ನಿನ ಸ್ಪೋರ್ಟಿ ಹ್ಯಾಚ್‌ಬ್ಯಾಕ್‌ಗೆ ಹೊಸ ಎಕ್ಸಾಸ್ಟ್, ಅಂದರೆ ಹೊಗೆ ಹೊರಹಾಕುವ ಕೊಳವೆ ಹಾಕಿಸಿದ್ದ. ಊರೊಳಗೆ ಅದರ ಸದ್ದು ಕೇಳೋಕೆ ಚೆಂದವೇ ಇತ್ತು. ಹೆದ್ದಾರಿಗೆ ಬಂದು ಗಂಟೆಗೆ 112 ಕಿಮೀ ವೇಗ ಹಿಡಿದು, ಕ್ರೂಸ್ ಕಂಟ್ರೋಲ್ ಒತ್ತಿದ ಮೇಲೆ ಗುಂಯ್ ಅನ್ನೋದು ಶುರುವಾಯಿತು. ಜೋರು ಸದ್ದಲ್ಲ, ಮಾತಾಡಿದರೆ ಕೇಳಿಸುತ್ತಿತ್ತು. ಆದರೆ ಎರಡು ಗಂಟೆ ಕಳೆಯುವಷ್ಟರಲ್ಲಿ ಇಬ್ಬರಿಗೂ ತಲೆ ಭಾರ. "ಕಿವಿಯಲ್ಲಲ್ಲ ಕಣೋ, ಎದೆಯೊಳಗೆ ಕೇಳ್ತಾ ಇದೆ" ಅಂದ.

ಕಾರು ಪ್ರಿಯರು ಇದನ್ನು ಡ್ರೋನ್ ಅಂತಾರೆ. ಹಾರುವ ಡ್ರೋನ್ ಅಲ್ಲ, ಬಿಡದೆ ಮೊರೆಯುವ ಒಂದೇ ಸ್ವರ.

ಆ ಸ್ವರ ಯಾವುದು ಅಂತ ಲೆಕ್ಕ ಹಾಕೋದು ಸುಲಭ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತು ತಿರುಗುವಾಗ ಎರಡು ಸಿಲಿಂಡರ್ ಉರಿಯುತ್ತವೆ. ಹೆದ್ದಾರಿಯ ಆ ವೇಗದಲ್ಲಿ ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50. ಹಾಗಾದರೆ ಕೊಳವೆಯೊಳಗೆ ಸೆಕೆಂಡಿಗೆ 100 ಬಡಿತ, ಅಂದರೆ 100 ಹರ್ಟ್ಜ್. ಗಂಡಸರು ಹಾಡುವಾಗ ಮೀಟುವ ತಂಬೂರಿಯ ಪಂಚಮದ ತಂತಿ ಹೆಚ್ಚುಕಡಿಮೆ ಇದೇ ಎತ್ತರದಲ್ಲಿ ನುಡಿಯುತ್ತದೆ. ತಂಬೂರಿಯಲ್ಲಿ ಆ ಸ್ವರದ ಜೊತೆಗೆ ಹತ್ತಾರು ಮೇಲಿನ ಸ್ವರಗಳೂ ಮಿಡಿಯುತ್ತವೆ, ಅದಕ್ಕೇ ಗಂಟೆಗಟ್ಟಲೆ ಕೇಳಬಹುದು. ಕಾರಿನೊಳಗೆ ಆ ಮೇಲಿನ ಸ್ವರಗಳೆಲ್ಲ ಸೋಸಿ ಹೋಗಿ ಬುಡದ್ದೊಂದೇ ಉಳಿಯುತ್ತದೆ. ಸಾಲದ್ದಕ್ಕೆ ಕಾರಿನ ಒಳಜಾಗವೂ ಅದಕ್ಕೆ ದನಿಗೂಡಿಸುತ್ತದೆ. ಸುಮಾರು ಒಂದೂಮುಕ್ಕಾಲು ಮೀಟರ್ ಉದ್ದದ ಮುಚ್ಚಿದ ಜಾಗ ತಾನಾಗಿಯೇ ಮೊಳಗುವುದು 100 ಹರ್ಟ್ಜ್ ಆಸುಪಾಸಿನಲ್ಲೇ.

ಕಂಪನಿಯವರು ಹಾಕಿ ಕೊಡುವ ದೊಡ್ಡ ಸೈಲೆನ್ಸರ್ ಒಳಗೆ ಕೋಣೆಗಳಿರುತ್ತವೆ. ಹೊಗೆ ಅಲ್ಲಿ ಸುತ್ತಿ ಬಳಸಿ ಹೊರಗೆ ಬರಬೇಕು. ಸದ್ದು ಅಡಗುತ್ತದೆ, ಜೊತೆಗೆ ಎಂಜಿನ್ನಿನ ಉಸಿರೂ ಸ್ವಲ್ಪ ಕಟ್ಟುತ್ತದೆ. ಸ್ಪೋರ್ಟಿ ಎಕ್ಸಾಸ್ಟ್ ಮಾಡುವವರು ಇದನ್ನು ತೆಗೆದು, ಮೈತುಂಬ ತೂತಿರುವ ನೇರ ಕೊಳವೆ ಹಾಕಿ, ಅದರ ಸುತ್ತ ಗಾಜಿನ ನಾರು ತುಂಬುತ್ತಾರೆ. ಕಿರುಚುವ ಎತ್ತರದ ಸದ್ದನ್ನು ಈ ನಾರು ಚೆನ್ನಾಗಿ ಹೀರುತ್ತದೆ. ಆದರೆ 100 ಹರ್ಟ್ಜ್ ಅಲೆಯ ಉದ್ದ ಬಿಸಿ ಹೊಗೆಯಲ್ಲಿ ನಾಲ್ಕು ಮೀಟರ್‌ಗಿಂತ ಜಾಸ್ತಿ. ಅಷ್ಟುದ್ದದ ಅಲೆಗೆ ನಾಲ್ಕು ಬೆರಳು ದಪ್ಪದ ನಾರು ಲೆಕ್ಕಕ್ಕೇ ಇಲ್ಲ.

ಇಲ್ಲಿ ಡೆಸಿಬೆಲ್ ಮೀಟರನ್ನು ನಂಬಿ ಮೋಸಹೋಗುವವರು ಬಹಳ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಬದಲಿ ಎಕ್ಸಾಸ್ಟ್‌ಗೆ 95 ಡೆಸಿಬೆಲ್ ಮಿತಿ ಇದೆ. ಮೈಕ್ ಇಡೋದು ಕೊಳವೆಯ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ. ಈ ಅಳತೆ 'ಎ' ತೂಕದ್ದು. ತಗ್ಗು ಸ್ವರದ ಸದ್ದು ಮನುಷ್ಯರ ಕಿವಿಗೆ ಕಡಿಮೆ ಕೇಳಿಸುತ್ತದೆ ಅನ್ನುವ ಕಾರಣಕ್ಕೆ 100 ಹರ್ಟ್ಜ್ ಸದ್ದಿನಿಂದ 19 ಡೆಸಿಬೆಲ್ ಕಳೆದೇ ಅದು ಲೆಕ್ಕ ಕೊಡುತ್ತದೆ. ಮೆಲುವಾದ ಸದ್ದುಗಳಿಗೆ ಈ ಲೆಕ್ಕ ಸರಿ. ಗಂಟೆಗಟ್ಟಲೆ ಸೀಟು ಬೆನ್ನು ನಡುಗಿಸುವ ಗುಂಯ್‌ಗೆ ಖಂಡಿತ ಸರಿಯಲ್ಲ. ಎಷ್ಟು ಡೆಸಿಬೆಲ್ ಅಂತ ಕೇಳೋದಕ್ಕಿಂತ ಯಾವ ಸ್ವರ ಅಂತ ಕೇಳಬೇಕು. ನಾವು ಫೋನಿನಲ್ಲಿ ಸ್ವರಗಳನ್ನು ಬಿಡಿಸಿ ತೋರಿಸುವ ಆ್ಯಪ್ ತೆರೆದೆವು. ತಗ್ಗಿದ ಪೊದೆಗಳ ನಡುವೆ ಒಂಟಿ ಅಡಿಕೆ ಮರದ ಹಾಗೆ 100ರ ಮೇಲೆ ಒಂದೇ ಗೆರೆ ನೆಟ್ಟಗೆ ನಿಂತಿತ್ತು.

ಕಾಡುತ್ತಿರೋದು ಒಂದೇ ಸ್ವರವಾದರೆ ಅದೊಂದನ್ನೇ ಹಿಡಿದು ಅಡಗಿಸಬಹುದು. ಬಾಟಲಿಗೆ ನೀರು ತುಂಬುವಾಗ ಗಮನಿಸಿ. ನೀರು ಏರುತ್ತಾ ಹೋದ ಹಾಗೆ ಸದ್ದೂ ಏರುತ್ತದೆ. ಒಳಗೆ ಉಳಿದ ಗಾಳಿಯ ಉದ್ದಕ್ಕೆ ತಕ್ಕ ಸ್ವರ ಅದು. ಒಂದು ಕಡೆ ಮುಚ್ಚಿದ ಕೊಳವೆಯನ್ನು ಎಕ್ಸಾಸ್ಟ್‌ನ ಪಕ್ಕಕ್ಕೆ ಕೊಂಬೆಯ ಹಾಗೆ ಬೆಸೆದರೆ ಇದೇ ತತ್ವ ಕೆಲಸಕ್ಕೆ ಬರುತ್ತದೆ. ಅಲೆ ಆ ಕೊಂಬೆಯೊಳಗೆ ಹೋಗಿ, ಕೊನೆಯ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಕೊಂಬೆಯ ಉದ್ದ ಅಲೆಯ ಉದ್ದದ ಕಾಲು ಭಾಗ ಇದ್ದರೆ, ಹೋಗಿಬರುವಷ್ಟರಲ್ಲಿ ಅಲೆ ಅರ್ಧ ಹೆಜ್ಜೆ ಹಿಂದೆ ಬಿದ್ದಿರುತ್ತದೆ. ಮುಖ್ಯ ಕೊಳವೆಯಲ್ಲಿ ಒತ್ತಡ ಏರುವ ಹೊತ್ತಿಗೆ ಇದು ಇಳಿಸುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಹೊಗೆ ಕೊಂಬೆಯ ಮೂಲಕ ಹಾದುಹೋಗುವುದೇ ಇಲ್ಲವಾದ್ದರಿಂದ ಎಂಜಿನ್ನಿನ ಉಸಿರಿಗೆ ಅಡ್ಡಿಯೂ ಇಲ್ಲ. ಜಾಗ ಸಾಲದೆ ಕೊಂಬೆಯನ್ನು ಬಗ್ಗಿಸಿ ಕೂರಿಸುತ್ತಾರೆ, ಅದಕ್ಕೇ ಜೆ-ಪೈಪ್ ಅನ್ನೋ ಹೆಸರು. ಹೋದ ಅಲೆಯನ್ನೇ ತಿರುಗಿಸಿ ತಂದು ಸದ್ದು ಅಳಿಸುವ ಈ ಯೋಚನೆಯನ್ನು ಅಮೆರಿಕದ ಕೋರ್ಸಾ ಕಂಪನಿ ಸೈಲೆನ್ಸರಿನ ಒಳಗೇ ಅಳವಡಿಸುತ್ತದೆ.

ನಾವು ಮೊದಲ ಸಲ ಕೊಂಬೆ ಕತ್ತರಿಸಿದ್ದು 86 ಸೆಂಟಿಮೀಟರ್‌ಗೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ನೂರರಿಂದ ಭಾಗಿಸಿ, ಮತ್ತೆ ನಾಲ್ಕರಿಂದ ಭಾಗಿಸಿ. ಹೆದ್ದಾರಿಗೆ ಹೋದರೆ ಗುಂಯ್ ಹಾಗೇ ಇದೆ! 3600 ಸುತ್ತಿಗೆ ಏರಿಸಿದಾಗ ಮಾತ್ರ ಕಾರು ತಟ್ಟನೆ ಶಾಂತವಾಯಿತು. ಆಗ ಹೊಳೆಯಿತು. 343 ಅನ್ನೋದು 20 ಡಿಗ್ರಿ ಗಾಳಿಯ ಲೆಕ್ಕ, ಕೊಂಬೆಯೊಳಗೆ ಇರೋದು ಬಿಸಿ ಹೊಗೆ. ಬಿಸಿ ಏರಿದಷ್ಟೂ ಸದ್ದು ವೇಗವಾಗಿ ಓಡುತ್ತದೆ. 150 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 412 ಮೀಟರ್, 300 ಡಿಗ್ರಿಯಲ್ಲಿ 480. ಮುಖ್ಯ ಕೊಳವೆಯಲ್ಲಿ ಹೊಗೆ ಹರಿಯುತ್ತಲೇ ಇರೋದರಿಂದ ಅಲ್ಲಿ ಬಿಸಿ ಜಾಸ್ತಿ. ಕೊಂಬೆಯೊಳಗಿನ ಹೊಗೆ ನಿಂತ ನೀರಿನ ಹಾಗೆ, ಆರುತ್ತಿರುತ್ತದೆ. ಆದ್ದರಿಂದ ಅಳೆಯಬೇಕಾದ್ದು ಕೊಂಬೆಯ ಬಿಸಿಯನ್ನೇ. ಬಿಸಿ ಅಳೆಯುವ ತೆಳು ತಂತಿಯ ಥರ್ಮೋಕಪಲ್ ತೂರಿಸಿ ನೋಡಿದೆವು, 150ರ ಹತ್ತಿರ ತೋರಿಸಿತು. ಆ ಲೆಕ್ಕದಲ್ಲಿ ಬೇಕಾದ ಉದ್ದ 103 ಸೆಂಟಿಮೀಟರ್. ಹದಿನೇಳು ಸೆಂಟಿಮೀಟರ್ ತುಂಡೊಂದನ್ನು ಬೆಸೆದೆವು.

ಕೊಂಬೆ ಎಲ್ಲಿ ಕೂರಿಸಬೇಕು ಅನ್ನೋದೂ ಮುಖ್ಯ. ಸುಲಭವಾಗಿ ಕೈಗೆ ಸಿಗುತ್ತದೆ ಅಂತ ಹಿಂಬದಿಯ ಬಾಯಿಯ ಹತ್ತಿರ ಹಾಕಿದರೆ ಪ್ರಯೋಜನ ಕಮ್ಮಿ. ತೆರೆದ ಬಾಯಿಯಲ್ಲಿ ಒತ್ತಡದ ಏರಿಳಿತವೇ ಇರೋದಿಲ್ಲ, ಅಳಿಸೋಕೆ ಏನೂ ಸಿಗದು. ಒತ್ತಡ ಜೋರಾಗಿ ಏರಿಳಿಯುವ ಜಾಗ ಹುಡುಕಿಕೊಂಡು ಮುಂದಕ್ಕೆ ಹೋಗಬೇಕು. ಹಾಗಂತ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟುವಂತಿಲ್ಲ, ಕೆಲಸವೆಲ್ಲ ಅದರ ಹಿಂದೆಯೇ. ನಮ್ಮ ದೇಶದಲ್ಲಂತೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡುಗಳಿಗೆ ಬಿಗಿ ಮಿತಿ ಹಾಕಿದೆ. ಊರಿನಲ್ಲಿ ಓದುತ್ತಿರುವವರು ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಮುಂದಿನ ಪ್ರಯಾಣದಲ್ಲಿ ಬಾದಾಮಿ ತೋಟಗಳ ನಡುವೆ ಅದೇ ವೇಗ, ಅದೇ 3000 ಸುತ್ತು. ಫೋನಿನ ಪರದೆಯಲ್ಲಿ ಆ ಒಂಟಿ ಮರ ಪೊದೆಗಳ ಎತ್ತರಕ್ಕೆ ಇಳಿದಿತ್ತು. ಟೈರಿನ ಸದ್ದು, ಗಾಳಿಯ ಸದ್ದು ಮೊದಲ ಬಾರಿ ಕೇಳಿಸಿತು. ಸಂಜೆ ಹೊತ್ತಿಗೆ ಗ್ರೇಪ್‌ವೈನ್ ಅನ್ನೋ ಗುಡ್ಡದ ಏರು ಬಂತು. ಗೆಳೆಯ ಎರಡು ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತಿದ. 6000 ಸುತ್ತಿನಲ್ಲಿ ಬಡಿತ 200 ಹರ್ಟ್ಜ್. ಆ ಅಲೆಗೆ ನಮ್ಮ ಕೊಂಬೆ ಕಾಲು ಭಾಗವಲ್ಲ, ಅರ್ಧ ಭಾಗ. ಹೋದ ಅಲೆ ಪೂರ್ತಿ ಹೆಜ್ಜೆ ಮುಗಿಸಿ, ತಾಳ ತಪ್ಪದೆ ವಾಪಸ್ ಬರುತ್ತದೆ, ಏನನ್ನೂ ಅಳಿಸುವುದಿಲ್ಲ. ಎಂಜಿನ್ ಬಾಯಿ ತುಂಬ ಹಾಡುತ್ತಾ ಗುಡ್ಡ ಹತ್ತಿತು.