ಹಳೇ ಲಾರಿಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರಿಕೆ: ಹೊಸ ಗ್ಯಾಸ್ಕೆಟ್ ಹಾಕುವ ಮುಂಚೆ

ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಟಕ್ ಟಕ್ ಅಂತ ಸದ್ದು. ಸ್ವಲ್ಪ ದೂರ ಓಡಿದ ಮೇಲೆ ಸದ್ದು ಕಮ್ಮಿಯಾಗುತ್ತದೆ, ಕೆಲವೊಮ್ಮೆ ಪೂರ್ತಿ ನಿಂತೇ ಹೋಗುತ್ತದೆ. ಇದನ್ನು ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗ) ಸದ್ದು ಅಂದುಕೊಂಡು ಸುಮ್ನೆ ವಾಲ್ವ್ ಕವರ್ ಬಿಚ್ಚುವವರು ಬಹಳ ಜನ. ಗುರುತು ಹಿಡಿಯಲು ಒಂದು ದಾರಿ ಇದೆ. ಲೋಡ್ ಬಿದ್ದಾಗ, ಅಂದರೆ ಏರು ಹತ್ತುವಾಗ, ಸದ್ದು ಜೋರಾಗುತ್ತದಾ ನೋಡಿ. ಜೋರಾದರೆ ಅನುಮಾನ ಮ್ಯಾನಿಫೋಲ್ಡ್ ಮೇಲೆ, ಅಂದರೆ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟು ಮಾಡಿ ಸೈಲೆನ್ಸರ್ ಪೈಪಿಗೆ ಕಳಿಸುವ ಎರಕದ ಕಬ್ಬಿಣದ ಕೊಳವೆಯ ಮೇಲೆ. ಟ್ಯಾಪೆಟ್ ಸದ್ದು ಲೋಡಿಗೆ ಅಷ್ಟಾಗಿ ಬದಲಾಗುವುದಿಲ್ಲ.

ಬಿಸಿಯಾದಾಗ ಸದ್ದು ಯಾಕೆ ನಿಲ್ಲುತ್ತದೆ? ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೆ. ಸೋರಿಕೆಗೆ ಮೂಲ ಕಾರಣವೂ ಈ ಹಿಗ್ಗುವಿಕೆಯೇ. ಲೆಕ್ಕ ಹಾಕೋಣ. ಎರಕದ ಕಬ್ಬಿಣ ಪ್ರತಿ ಡಿಗ್ರಿಗೆ, ಒಂದು ಮೀಟರ್ ಉದ್ದಕ್ಕೆ, ಸುಮಾರು 0.011 ಮಿ.ಮೀ. ಹಿಗ್ಗುತ್ತದೆ. 60 ಸೆಂ.ಮೀ. ಉದ್ದದ ಮ್ಯಾನಿಫೋಲ್ಡಿನ ಬಿಸಿ 500 ಡಿಗ್ರಿ ಏರಿದರೆ ಅದು 3 ಮಿ.ಮೀ.ಗಿಂತ ಜಾಸ್ತಿ ಬೆಳೆಯುತ್ತದೆ. ಸಿಲಿಂಡರ್ ಹೆಡ್ ಒಳಗೆ ನೀರು ಹರಿಯುತ್ತಿರುತ್ತದೆ, ಅದು ಅಷ್ಟು ಬಿಸಿಯಾಗುವುದಿಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ಹಾಗಾಗಿ ಮ್ಯಾನಿಫೋಲ್ಡ್ ಪ್ರತಿ ಸಲ ಬಿಸಿಯಾದಾಗ ಹೆಡ್ ಮೇಲೆ ಜಾರಲೇಬೇಕು. ನಡುವಿನ ಭಾಗ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ, ಎರಡೂ ತುದಿಗಳು ಒಂದೊಂದು ಮಿ.ಮೀ.ಗೂ ಮೀರಿ ಸರಿಯುತ್ತವೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿದ ಹಾಗೆ, ತುದಿಯ ಸ್ಟಡ್‌ಗಳು (ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವ, ತಲೆ ಇಲ್ಲದ ಬೋಲ್ಟ್‌ಗಳು) ಕೊನೆಗೆ ಕಡಿದು ಹೋಗುತ್ತವೆ. ಸ್ಟಡ್ ಹೋದ ಕಡೆ ಬಿಗಿ ತಪ್ಪುತ್ತದೆ, ಬಿಸಿ ಗಾಳಿ ನುಗ್ಗಿ, ಎರಡರ ನಡುವೆ ಸಂದು ಮುಚ್ಚುವ ಗ್ಯಾಸ್ಕೆಟ್ ಸುಡುತ್ತದೆ. ನಮ್ಮ ಕಣ್ಣಿಗೆ ಮೊದಲು ಬೀಳುವುದು ಸುಟ್ಟ ಗ್ಯಾಸ್ಕೆಟ್. ಅದನ್ನಷ್ಟೇ ಬದಲಿಸಿದರೆ ಸದ್ದು ಮತ್ತೆ ಬರುವುದು ಗ್ಯಾರಂಟಿ.

ಸೋರುವ ಜಾಗ ಹುಡುಕಲು ಮೊದಲು ಕಣ್ಣು ಸಾಕು. ಪೋರ್ಟ್ (ಸಿಲಿಂಡರಿನ ಹೊಗೆ ಹೊರಬರುವ ತೂತು) ಸುತ್ತ ಕಪ್ಪು ಮಸಿ ಗೀರು ಇರುತ್ತದೆ. ಕಾಣದಿದ್ದರೆ, ಇಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬದಿಯನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಕಟ್ಟಿ, ಮ್ಯಾನಿಫೋಲ್ಡ್ ಅಂಚಿಗೆ ಸೋಪು ನೀರು ಸಿಂಪಡಿಸಿ. ಗುಳ್ಳೆ ಎದ್ದ ಕಡೆ ತೂತು. ಇಂಜಿನ್ ಓಡಿಸಿಯೇ ಪರೀಕ್ಷೆ ಮಾಡುವುದಾದರೆ ಬಯಲಲ್ಲಿ ಮಾಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ಅದು ಜೀವ ತೆಗೆಯುತ್ತದೆ. ಕ್ಯಾಬಿನ್ನಿಗೆ ಹೊಗೆ ಬರುತ್ತಿದ್ದರೆ ರಿಪೇರಿಯನ್ನು ನಾಳೆಗೆ ತಳ್ಳಬೇಡಿ.

ಸೋರಿಕೆ ಅಂದರೆ ಬರೀ ಸದ್ದಲ್ಲ. ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಟರ್ಬೈನ್ ತಿರುಗಿಸಬೇಕಾದ ಒತ್ತಡ ಹೊರಗೆ ಹೋಗಿ ಎಳೆತ ಕಮ್ಮಿಯಾಗುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಪೆಟ್ರೋಲ್ ಗಾಡಿಯಲ್ಲಿ ಸಂದಿನಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ ಆ ಗಾಳಿಯ ಆಕ್ಸಿಜನ್ ತೋರಿಸುವುದರಿಂದ, ಇಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಸಾಲುತ್ತಿಲ್ಲ ಅಂತ ತಿಳಿದು ಜಾಸ್ತಿ ಬಿಡುತ್ತದೆ.

ಈಗ ನಿಜವಾದ ಕಷ್ಟದ ಕೆಲಸ: ಬಿಚ್ಚುವುದು. ಅರ್ಧ ದಿನ ಇದಕ್ಕೇ ಹೋದರೂ ಬೇಸರ ಬೇಡ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಟ್ಟನ್ನು ಮೊದಲು ಬಿಗಿ ಮಾಡುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಅಲುಗಿತು ಅಂತ ಒಂದೇ ಸಮ ತಿರುಗಿಸಬೇಡಿ. ಅರ್ಧ ಸುತ್ತು ಸಡಿಲಿಸಿ, ಕಾಲು ಸುತ್ತು ಮತ್ತೆ ಬಿಗಿ ಕಡೆಗೆ, ಮತ್ತೆ ಎಣ್ಣೆ. ಪಾನಾ ಸ್ಪ್ರಿಂಗಿನ ಹಾಗೆ ಮೆತ್ತಗೆ ಬರುತ್ತಿದೆ ಅನಿಸಿದರೆ ತಿರುಗುತ್ತಿರುವುದು ನಟ್ಟಲ್ಲ, ತಿರುಚಿಕೊಳ್ಳುತ್ತಿರುವುದು ಸ್ಟಡ್. ಅಲ್ಲೇ ನಿಲ್ಲಿಸಿ, ಗ್ಯಾಸ್ ಟಾರ್ಚಿನಿಂದ ನಟ್ಟಿಗೆ ಶಾಖ ಕೊಡಿ. ಹಾಕಿದ ಎಣ್ಣೆಯನ್ನು ಮೊದಲು ಒರೆಸಬೇಕು, ಡೀಸೆಲ್ ಪೈಪು, ವೈರು ಹತ್ತಿರ ಇದ್ದರೆ ಟಾರ್ಚ್ ಬೇಡವೇ ಬೇಡ.

ಆದರೂ ಸ್ಟಡ್ ಮುರಿಯಿತಾ? ತುಂಡು ಹೊರಗೆ ಚಾಚಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು ನಟ್ಟಿನ ತೂತಿನ ಒಳಗಿನಿಂದ ವೆಲ್ಡ್ ಮಾಡಿ. ಹೊಸ ಹಿಡಿತ ಸಿಗುತ್ತದೆ, ವೆಲ್ಡಿಂಗ್ ಶಾಖಕ್ಕೆ ತುಕ್ಕಿನ ಹಿಡಿತವೂ ಬಿಡುತ್ತದೆ. ಕೆಂಪು ಆರಿದ ಮೇಲೆ, ಇನ್ನೂ ಬಿಸಿ ಇರುವಾಗಲೇ ನಿಧಾನ ತಿರುಗಿಸಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆಯಿರಿ. ತುಂಡು ಒಳಗೇ ಉಳಿದಿದ್ದರೆ ನಡುಮಧ್ಯಕ್ಕೆ ಪಂಚ್ ಹೊಡೆದು ಸಣ್ಣ ಬಿಟ್ಟಿನಿಂದ ಶುರು ಮಾಡಿ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಇನ್ನೂ ಒಳ್ಳೆಯದು, ಕೊರೆಯುತ್ತಲೇ ತುಂಡು ಈಚೆ ಬರಬಹುದು. ಈಜಿ ಔಟ್ (ತುಂಡಿನಲ್ಲಿ ಕೊರೆದ ತೂತಿಗೆ ತೂರಿಸಿ, ತಿರುಗಿಸಿ ತೆಗೆಯುವ ಸಾಧನ) ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಅದು ಗಟ್ಟಿ ಉಕ್ಕು, ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ.

ಮ್ಯಾನಿಫೋಲ್ಡ್ ಕೈಗೆ ಬಂದ ಮೇಲೆ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಎಷ್ಟು ಸಂದು ನಡೆಯುತ್ತದೆ ಅನ್ನುವುದು ಆ ಇಂಜಿನ್ನಿನ ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ. ಅದನ್ನು ಮೀರಿದ್ದರೆ ಎಲ್ಲ ಪೋರ್ಟ್‌ಗಳನ್ನೂ ಒಂದೇ ಮಟ್ಟಕ್ಕೆ ಬರುವ ಹಾಗೆ ಮಷೀನಿಂಗ್ ಮಾಡಿಸಬೇಕು. ಬಾಗಿದ ಮ್ಯಾನಿಫೋಲ್ಡನ್ನು ನಟ್ ಬಿಗಿದು ನೇರ ಮಾಡಲು ಹೋದರೆ ಮುರಿಯುವುದು ಮತ್ತೆ ಸ್ಟಡ್ಡೇ. ಬಿರುಕು ಬಿಟ್ಟಿದ್ದರೆ? ಎರಕದ ಕಬ್ಬಿಣವನ್ನು ಮೊದಲೇ ಕಾಯಿಸಿ, ನಿಕಲ್ ರಾಡಿನಲ್ಲಿ ವೆಲ್ಡ್ ಮಾಡಿ, ನಿಧಾನ ಆರಲು ಬಿಡಬೇಕು. ಬೇರೆ ಮ್ಯಾನಿಫೋಲ್ಡ್ ಸಿಗುವ ಹಾಗಿದ್ದರೆ ನಾನು ಅದನ್ನೇ ಹಾಕುತ್ತೇನೆ.

ಜೋಡಿಸುವಾಗ ಒಂದು ವಿಷಯ ಗಮನಿಸಿ. ಎಷ್ಟೋ ಮ್ಯಾನಿಫೋಲ್ಡ್‌ಗಳಲ್ಲಿ ತುದಿಯ ತೂತುಗಳು ಸ್ಟಡ್ಡಿಗಿಂತ ದೊಡ್ಡದಾಗಿರುತ್ತವೆ. ಅದು ಸವೆದದ್ದಲ್ಲ, ಜಾರಲೆಂದೇ ಬಿಟ್ಟ ಜಾಗ. ಸಡಿಲ ಇದೆ ಅಂತ ದಪ್ಪ ಬೋಲ್ಟ್ ಹಾಕಿ ತುಂಬಬೇಡಿ. ಕೆಲವು ಇಂಜಿನ್‌ಗಳಲ್ಲಿ ಸ್ಟಡ್ ತೂತು ಒಳಗಿನ ನೀರಿನ ದಾರಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಕೂಲೆಂಟ್ ಇಳಿಸಿ, ಥ್ರೆಡ್ಡಿಗೆ ಸೀಲೆಂಟ್ ಹಚ್ಚಬೇಕು. ಗ್ಯಾಸ್ಕೆಟ್ ಮುಖಕ್ಕೆ ಮಾತ್ರ ಸಿಲಿಕೋನ್ ಬಳಿಯಬೇಡಿ, ಆ ಬಿಸಿಗೆ ಸುಟ್ಟು ಹೋಗುತ್ತದೆ. ನಟ್‌ಗಳನ್ನು ನಡುವಿನಿಂದ ತುದಿಯ ಕಡೆಗೆ, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದ (ಬಿಗಿ ಎಷ್ಟು ಅಂತ ಅಳೆಯುವ ಪಾನಾ) ಬಿಗಿಯಿರಿ.

ಕೆಳಗೆ ಸೈಲೆನ್ಸರ್ ಪೈಪಿನ ಬ್ರಾಕೆಟ್ಟನ್ನೂ ಒಮ್ಮೆ ಅಲ್ಲಾಡಿಸಿ ನೋಡಿ. ಅದು ಮುರಿದಿದ್ದರೆ ಪೈಪಿನ ಭಾರವೆಲ್ಲ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿರುತ್ತದೆ, ಸ್ಟಡ್ ಕಡಿಯಲು ಅದೂ ಕಾರಣ. ಎಲ್ಲ ಆದ ಮೇಲೆ ಸೋಪು ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ, ಆಮೇಲಷ್ಟೇ ಹೀಟ್ ಶೀಲ್ಡ್ ಹಾಕಿ. ಒಂದೆರಡು ಸಲ ಇಂಜಿನ್ ಚೆನ್ನಾಗಿ ಬಿಸಿಯಾಗಿ ತಣ್ಣಗಾದ ಮೇಲೆ, ಮ್ಯಾನ್ಯುಯಲ್ ಬೇಡ ಅನ್ನದಿದ್ದರೆ, ನಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿ.