ಬಳ್ಳಾರಿ ಬಿಸಿಲಿಗೆ ಯಾವ ಆಕ್ಸಿಡೈಸರ್?

ಹೈಬ್ರಿಡ್ ರಾಕೆಟ್ ಮಾಡಬೇಕು ಅಂತ ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂದರೆ ನಾನು ಮೊದಲು ಕೇಳುವುದು, ಆಕ್ಸಿಡೈಸರ್, ಅಂದರೆ ಇಂಧನ ಉರಿಯಲು ಆಮ್ಲಜನಕ ಕೊಡುವ ವಸ್ತು, ಯಾವುದು ಅಂತ. ಹೆಚ್ಚಿನವರು ಹೇಳುವುದು ನೈಟ್ರಸ್ ಆಕ್ಸೈಡ್. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಗೆ ಬಳಸುವ ಅದೇ ಗ್ಯಾಸ್.

ಹೈಬ್ರಿಡ್‌ನಲ್ಲಿ ಇಂಧನ ಗಟ್ಟಿ, ಆಕ್ಸಿಡೈಸರ್ ದ್ರವ. ಒಲೆಗೆ ಕಟ್ಟಿಗೆ ಇಟ್ಟು ಊದುಗೊಳವೆಯಲ್ಲಿ ಊದಿದ ಹಾಗೆ. ವಾಲ್ವ್ ಮುಚ್ಚಿದರೆ ಉರಿ ನಿಲ್ಲುತ್ತದೆ. ಇಂಧನವೋ ರಬ್ಬರಿನಂಥ ಎಚ್‌ಟಿಪಿಬಿ, ಇಲ್ಲವೇ ಮೇಣ. ಅದರಲ್ಲಿ ಆಕ್ಸಿಡೈಸರ್ ಬೆರೆತಿರುವುದಿಲ್ಲ, ಹಾಗಾಗಿ ಸಾದಾ ವರ್ಕ್‌ಶಾಪಿನಲ್ಲೇ ಎರಕ ಹೊಯ್ಯಬಹುದು. ಸಣ್ಣ ಉಪಗ್ರಹ ಹಾರಿಸುವವರ ಖರ್ಚು ಇಳಿಯುವುದು ಇಲ್ಲೇ.

ನೈಟ್ರಸ್ ಎಲ್ಲರಿಗೂ ಇಷ್ಟವಾಗಲು ಕಾರಣವಿದೆ. 20 ಡಿಗ್ರಿಯಲ್ಲಿ ಅದಕ್ಕೆ ಸುಮಾರು 50 ಬಾರ್ ಒತ್ತಡ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 50 ಪಟ್ಟು. ತನ್ನನ್ನು ತಾನೇ ದಬ್ಬಿಕೊಂಡು ಹೊರಬರುತ್ತದೆ, ಪಂಪ್ ಬೇಡ. ಆದರೆ 36.4 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ಅದು ದ್ರವವಾಗಿ ಉಳಿಯುವುದಿಲ್ಲ. ರಾಯಚೂರಿನ ಬೇಸಿಗೆಯಲ್ಲಿ ನೆರಳಲ್ಲೇ 40 ಆಗುತ್ತದೆ ಅಲ್ವಾ? ತುಂಬಿದ ಟ್ಯಾಂಕ್ ಬಿಸಿಲಿಗೆ ಬಿದ್ದರೆ ಒತ್ತಡ 72 ಬಾರ್ ಮೀರಿ ಏರುತ್ತದೆ. ಅದಕ್ಕೇ ನಮ್ಮ ಕಡೆ ಪರೀಕ್ಷೆ ನಸುಕಿನಲ್ಲೇ ಮುಗಿಯಬೇಕು. ಇನ್ನೊಂದು ಮಾತು, ಒತ್ತಡದ ಗೇಜ್ ನೋಡಿ ಇಷ್ಟು ತುಂಬಿದೆ ಅನ್ನಬೇಡಿ. ಒಳಗೆ ದ್ರವ ಇರುವ ತನಕ ಗೇಜ್ ತೋರಿಸುವುದು ಟ್ಯಾಂಕ್ ಎಷ್ಟು ಬಿಸಿಯಾಗಿದೆ ಅನ್ನುವುದನ್ನು ಮಾತ್ರ. ಟ್ಯಾಂಕನ್ನು ತೂಕ ಅಳೆಯುವ ಲೋಡ್ ಸೆಲ್‌ಗೆ ತೂಗುಹಾಕಿ, ತೂಕ ನೋಡಿ ತುಂಬಿಸಿ.

ನೈಟ್ರಸ್ ತಾನಾಗಿಯೇ ಒಡೆದು ಸಿಡಿಯಲೂಬಹುದು. 2007ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಬೆಂಕಿಯನ್ನೇ ಹೊತ್ತಿಸದೆ, ಸುಮ್ನೆ ನೈಟ್ರಸ್ ಹರಿಸಿ ನೋಡುವಾಗ ಸ್ಫೋಟವಾಗಿ ಮೂವರು ಸತ್ತರು. ಕಲಿಯುವ ಹುಡುಗರ ಮುಂದೆ ಇದನ್ನು ನಾನು ಪ್ರತಿ ಸಲ ಹೇಳುತ್ತೇನೆ.

ಕಕ್ಷೆಯವರೆಗೆ ಹೋಗುವ ಆಸೆ ಇದ್ದರೆ ದ್ರವ ಆಮ್ಲಜನಕ ಕಲಿಯಿರಿ. ಒಂದು ಕೆಜಿ ಇಂಧನಕ್ಕೆ ನೈಟ್ರಸ್ ಆರರಿಂದ ಎಂಟು ಕೆಜಿ ಬೇಕು, ಆಮ್ಲಜನಕ ಎರಡು, ಎರಡೂವರೆ ಕೆಜಿ ಸಾಕು. ಟ್ಯಾಂಕ್ ಚಿಕ್ಕದಾಗುತ್ತದೆ. ಇಸ್ರೊ 2022ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ 15 ಸೆಕೆಂಡ್ ಉರಿಸಿದ 30 ಕಿಲೋನ್ಯೂಟನ್ ನೂಕುಬಲದ ಹೈಬ್ರಿಡ್ ಮೋಟಾರಿನಲ್ಲಿ ಇದ್ದದ್ದು ಎಚ್‌ಟಿಪಿಬಿ ಮತ್ತು ದ್ರವ ಆಮ್ಲಜನಕವೇ. ನಮಗಂತೂ ಇದು ದೂರದ ವಸ್ತುವಲ್ಲ. 2021ರ ಕೋವಿಡ್ ಅಲೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ಟ್ಯಾಂಕರ್‌ಗಳಲ್ಲಿ ಹೋಗಿದ್ದು ಇದೇ.

ಕಷ್ಟ ಇಲ್ಲ ಅನ್ನುವುದಿಲ್ಲ. ಮೈನಸ್ 183 ಡಿಗ್ರಿಯಲ್ಲಿ ರಬ್ಬರ್ ಸೀಲ್ ಗಾಜಿನಂತೆ ಒಡೆಯುತ್ತದೆ. ದಬ್ಬಲು ಬೇರೆ ಗ್ಯಾಸ್ ಬೇಕು, ಇಲ್ಲ ಪಂಪ್ ಬೇಕು. ಪೈಪಿನೊಳಗೆ ಚೂರು ಗ್ರೀಸ್ ಉಳಿದರೂ ಬೆಂಕಿ. ಹಾಗಾಗಿ ಎಂಜಿನ್ ಡಿಸೈನ್‌ಗಿಂತ ಮೊದಲು ಪೈಪು, ವಾಲ್ವ್ ತೊಳೆಯಲು ಧೂಳು ಬಾರದ ಒಂದು ಕೋಣೆ ಮಾಡಿಕೊಳ್ಳಿ. ದುಡ್ಡು ಜಾಸ್ತಿ ಹೋದರೂ ಪರವಾಗಿಲ್ಲ, ಮೊದಲ ಖರ್ಚು ಅದಕ್ಕೇ ಆಗಲಿ.