ಶುಂಠಿ ಪಟ್ಟೆಯ ನಡುವಿನ ನಾಲ್ಕು ಗಿಡ

ಸೊರಬ, ಸಾಗರ, ಶಿಕಾರಿಪುರದ ಕಡೆ ಗಾಂಜಾ ಗಿಡ ಸಿಕ್ಕಿತು ಅಂದರೆ ಅದು ಶುಂಠಿ ಪಟ್ಟೆಯಲ್ಲೋ ಜೋಳದ ಹೊಲದಲ್ಲೋ ಇರುತ್ತದೆ. ಆಳೆತ್ತರದ ಮೆಕ್ಕೆಜೋಳದ ಮಧ್ಯೆ ಅದು ದೂರಕ್ಕೆ ಕಾಣುವುದಿಲ್ಲ. ಪೊಲೀಸರು ಬುಡಸಮೇತ ಕಿತ್ತು, ಬೇರಿನ ಮಣ್ಣು ಕೊಡವಿ, ತೂಕ ಹಾಕಿ, ಪಂಚರ ಸಹಿ ಪಡೆದು ಮಹಜರು ಮಾಡುತ್ತಾರೆ. ಹಸಿ ಗಿಡ, ತೂಕವೂ ಜಾಸ್ತಿ. ಹೊಲದ ರೈತ ಜೀಪು ಹತ್ತುತ್ತಾನೆ. ಊರಿನ ಹುಡುಗರಿಗೆ 'ಸೊಪ್ಪು', ಅಂದರೆ ಗಾಂಜಾ, ಬೇರೆ ಕಡೆಯಿಂದ ಬರುತ್ತಲೇ ಇರುತ್ತದೆ.

ಬ್ರಿಟಿಷರ ಕಾಲದಲ್ಲಿ ಗಾಂಜಾ ಅಬಕಾರಿ ಬಾಬ್ತು. ಲೈಸೆನ್ಸ್ ಅಂಗಡಿಯಲ್ಲಿ ಸಿಗುತ್ತಿತ್ತು, ಸರ್ಕಾರ ಸುಂಕ ಎತ್ತುತ್ತಿತ್ತು. ಇದನ್ನು ನಿಷೇಧಿಸಬೇಕಾ ಅಂತ ನೋಡಲು 1893ರಲ್ಲಿ ಒಂದು ಆಯೋಗ ನೇಮಿಸಿದರು. ಅದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿತು. ಹಿತಮಿತವಾಗಿ ಬಳಸುವವರಿಗೆ ದೊಡ್ಡ ಹಾನಿಯಿಲ್ಲ, ಅತಿಯಾದರೆ ಕೆಡುಕು, ಪೂರ್ತಿ ನಿಷೇಧ ಬೇಡ ಅಂತ 1894ರಲ್ಲಿ ವರದಿ ಕೊಟ್ಟಿತು. ಇನ್ನೊಂದು ಮಾತೂ ಅದರಲ್ಲಿತ್ತು: ಇದನ್ನು ಕಿತ್ತುಕೊಂಡರೆ ಜನ ಇದಕ್ಕಿಂತ ಕೆಟ್ಟ ಅಮಲಿಗೆ ಹೋಗಬಹುದು.

ಮಾದಕ ವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದ ಆ ವರದಿಯನ್ನು ಪಕ್ಕಕ್ಕೆ ಸರಿಸಿತು. ಎಲೆಯ ಭಂಗಿಯನ್ನು ಭಾರತ ಹೇಗೋ ಉಳಿಸಿಕೊಂಡಿತು. ಹೂವಿನ ಗಾಂಜಾಕ್ಕೆ 25 ವರ್ಷದ ಗಡುವು ಬಿತ್ತು. ಗಡುವು ತೀರುವ ಮುನ್ನವೇ, 1985ರಲ್ಲಿ, ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂತು. ದೊಡ್ಡ ಊರುಗಳಿಗೆ ಬ್ರೌನ್ ಶುಗರ್ ಅನ್ನುವ ಕಚ್ಚಾ ಹೆರಾಯಿನ್ ಪುಡಿ ಕಾಲಿಡುತ್ತಿದ್ದ ದಿನಗಳೂ ಅವೇ. ಗಾಂಜಾ ಮೂಟೆಗೆ ವಾಸನೆಯಿದೆ, ಭಾರವಿದೆ. ಪುಡಿಯನ್ನು ಜೇಬಲ್ಲೇ ಸಾಗಿಸಬಹುದು. ಎರಡೂ ಅಪರಾಧವಾದ ಮೇಲೆ ಮಾರುವವನಿಗೆ ಯಾವುದು ಅನುಕೂಲ, ನೀವೇ ಹೇಳಿ.

2001ರಲ್ಲಿ ತೂಕದ ಲೆಕ್ಕ ಬಂತು. ಗಾಂಜಾ 1 ಕಿಲೋವರೆಗೆ ಸಣ್ಣ ಪ್ರಮಾಣ, ಈಗ ಅದಕ್ಕೆ ಹೆಚ್ಚೆಂದರೆ 1 ವರ್ಷ ಶಿಕ್ಷೆ. 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ. ಆದರೆ ಗಿಡ ಬೆಳೆದವನಿಗೆ ಕಾಯ್ದೆಯಲ್ಲಿ ಈ ಮೆಟ್ಟಿಲುಗಳೇ ಇಲ್ಲ. ನಾಲ್ಕು ಗಿಡವಿರಲಿ, ನಾನೂರಿರಲಿ, 10 ವರ್ಷದವರೆಗೆ ಜೈಲು ಆಗಬಹುದು. ನನಗೆ ಅತಿ ಅನ್ಯಾಯ ಅನ್ನಿಸುವುದು ಇದೇ. ಶುಂಠಿ ಕೊಳೆರೋಗಕ್ಕೆ ಹೋಗಿ, ಸಾಲ ತೀರಿಸಲು ನಾಲ್ಕು ಗಿಡ ನೆಟ್ಟವನು ದಂಧೆಯ ದೊರೆಯಲ್ಲ. ಅವನನ್ನು ಹಿಡಿಯುವುದು ಸುಲಭ, ಅಷ್ಟೇ. ಹೊಲ ಓಡಿಹೋಗುವುದಿಲ್ಲ, ಪಹಣಿಯಲ್ಲಿ ಹೆಸರಿರುತ್ತದೆ.

ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದು ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕವನು ತಾನಾಗಿ ಮುಂದೆ ಬಂದು, ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಮಗನ ಬಟ್ಟೆ ಕೈಚೀಲದಲ್ಲಿ ತುಂಬಿಕೊಂಡು ಕೋರ್ಟಿನ ಮೆಟ್ಟಿಲ ಮೇಲೆ ಕೂತ ತಾಯಿಗೆ ಮೊದಲ ದಿನವೇ ಯಾರಾದರೂ ಇದನ್ನು ಹೇಳಬೇಕು.